ಕೋಟೆ ಊರಿನ ಒಡೀಲ್

ಶಾಲೆಯಿಂದ ಬಂದ ಧೃತಿಯನ್ನು ಕೆಳಗಿನ ಫ್ಲಾಟಿನ ಮುದುಕಿ ಒಡೀಲ್ ನೋಡಿಕೊಳ್ಳುತ್ತಿದ್ದಳು. ಗ್ರೀನ್‌ಫರ್ಡ್‌ನಲ್ಲಿ ಜಿಪಿ ವೈದ್ಯೆಯಾಗಿದ್ದ ತಾಯಿ ವೈದೇಹಿ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಗಂಡ ಋಷಿಕೇಶನ ಆಸ್ಪತ್ರೆ ಡ್ಯೂಟಿಗಂತೂ ಹೊತ್ತುಗೊತ್ತಿರಲಿಲ್ಲ.

ಒಡೀಲ್ ಹುಟ್ಟಿದ್ದು ಫ್ರಾನ್ಸಿನ ಗಡಿಯಲ್ಲಿರುವ ನಫ್-ಬ್ರಿಜಾಕ್‌ನಲ್ಲಿ. ರೈನ್ ನದಿಯಾಚೆಯ ಕೋಟೆ ಒಪ್ಪಂದದಲ್ಲಿ ಕೈತಪ್ಪಿತೆಂದು ಫ್ರಾನ್ಸಿನ ದೊರೆ ಈಚೆಯ ಬಯಲಲ್ಲಿ ಕಟ್ಟಿಸಿದ ಊರು. ಎಂಟು ಮೂಲೆಯ ಗೋಡೆ, ಸುತ್ತ ಕಂದಕ. ಯುದ್ಧಕ್ಕೆಂದೇ ಕಟ್ಟಿದ ಊರನ್ನು ಯುದ್ಧ ಬಿಡಲಿಲ್ಲ. ಅವಳ ಮುತ್ತಜ್ಜಿಯ ಕಾಲಕ್ಕೆ ಪ್ರಷ್ಯದ ತೋಪುಗಳು ಅದನ್ನು ಸುಟ್ಟವು, ಊರು ಜರ್ಮನಿಯ ಪಾಲಾಯಿತು. ಅಪ್ಪ ಹುಟ್ಟುವಾಗ ಜರ್ಮನ್, ಒಡೀಲ್ ಹುಟ್ಟುವಾಗ ಫ್ರೆಂಚ್. ಅವಳಿಗೆ ಹತ್ತಾಗುವ ಹೊತ್ತಿಗೆ ಮತ್ತೆ ಜರ್ಮನ್ ಬಾವುಟ. ಯುದ್ಧದ ಕೊನೆಯ ಚಳಿಗಾಲದಲ್ಲಿ ಅಮೆರಿಕನ್ನರ ಬಾಂಬು. ಬಾಂಬು ನಿಂತಿತೆಂದು ನಂಬಿ, ಅಡಗಿದ್ದ ನೆಲಮಾಳಿಗೆ ಬಿಟ್ಟು ನೀರು ತರಲು ಹೋದ ತಾಯಿ ಹಿಂದಿರುಗಲಿಲ್ಲ.

ಈಚೀಚೆಗೆ ಒಡೀಲ್ ಒಲೆ ಆರಿಸಲು ಮರೆಯುತ್ತಿದ್ದಳು. ವೈದೇಹಿ ಗಮನಿಸಿದ್ದಳು; ವಯಸ್ಸಾಯಿತು ಎಂದುಕೊಂಡು ಸುಮ್ಮನಾಗಿದ್ದಳು.

ತೊಂಬತ್ತೊಂಬತ್ತರ ನವೆಂಬರಿನ ಆ ಶುಕ್ರವಾರ ಗೈ ಫಾಕ್ಸ್ ಹಬ್ಬ, ಇಂಗ್ಲಿಷರು ಬೆಂಕಿ ಹಾಕಿ ಪಟಾಕಿ ಹೊಡೆಯುವ ರಾತ್ರಿ. ದೀಪಾವಳಿಯೂ ಹತ್ತಿರವಿದ್ದುದರಿಂದ ಬೀದಿಯೆಲ್ಲ ಸದ್ದು. ವೈದೇಹಿ ಬಂದಾಗ ಒಡೀಲಳ ಬಾಗಿಲು ತೆರೆದೇ ಇತ್ತು. ಟಿವಿ ಓಡುತ್ತಿತ್ತು, ಒಳಗೆ ಯಾರೂ ಇರಲಿಲ್ಲ. ಧೃತಿಯ ಶೂ ಮಾತ್ರ ಇತ್ತು.

ಕೂಗುತ್ತ ನೆಲಮಾಳಿಗೆಯ ಮೆಟ್ಟಿಲಿಳಿದಾಗ, ಹಿಂದೆ ಕಲ್ಲಿದ್ದಲು ತುಂಬುತ್ತಿದ್ದ ಕೋಣೆಯ ಬಾಗಿಲ ಸಂದಿನಲ್ಲಿ ಬೆಳಕು ಕಂಡಿತು. ಜೊತೆಗೆ ಸೀಮೆಎಣ್ಣೆಯ ವಾಸನೆ. ಕಿಟಕಿಯಿಲ್ಲದ ಕೋಣೆಯಲ್ಲಿ ಹೀಟರ್ ಉರಿಯುತ್ತಿದೆ, ವಿಷಗಾಳಿ ತುಂಬುತ್ತಿದೆ ಎಂದು ತಿಳಿದದ್ದೇ ವೈದೇಹಿ ಬಾಗಿಲು ದೂಡಿದಳು. ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು.

"ಧೃತಿ, ಆರಾಮ ಅದೀಯೇನು?"

"ಮಮ್ಮಿ, ಐ ಆಮ್ ಸ್ಲೀಪಿ. ಮೈ ಹೆಡ್ ಹರ್ಟ್ಸ್."

"ಮಲಗಬ್ಯಾಡ. ಅಗುಳಿ ತಗೀ, ಬಂಗಾರ."

"ಐ ಕಾಂಟ್ ರೀಚ್."

ತುರ್ತು ಸೇವೆಯ ೯೯೯ಕ್ಕೆ ಮೊಬೈಲಿನಿಂದ ಫೋನು ಮಾಡಿದಳು. ಬರುತ್ತೇವೆ ಎಂದರು, ಆದರೆ ಆ ದಿನ ಊರೆಲ್ಲ ಬೆಂಕಿಯೇ. ಭುಜದಿಂದ ಗುದ್ದಿದಳು, ಹಳೇ ಓಕ್ ಬಾಗಿಲು ಅಲ್ಲಾಡಲಿಲ್ಲ. ಪಟಾಕಿಯ ಸದ್ದನ್ನು ಒಡೀಲ್ ಬಾಂಬು ಎಂದುಕೊಂಡಿದ್ದಾಳೆ ಎಂದು ಅರ್ಥವಾಯಿತು.

"ಒಡೀಲ್, ಯುದ್ಧ ಮುಗಿಯಿತು. ಅಮೆರಿಕದವರು ಬಂದಿದ್ದಾರೆ, ಹೊರಗೆ ಬನ್ನಿ."

"ಅಮ್ಮನೂ ಹಾಗೇ ನಂಬಿ ಹೋದಳು," ಒಳಗಿನಿಂದ ಶಾಂತವಾದ ದನಿ. "ಮಗುವನ್ನು ನಾನು ಕಳಿಸುವುದಿಲ್ಲ."

ಮೇಲೆ ಒಂದು ರಾಕೆಟ್ ಸಿಡಿಯಿತು. ಒಳಗೆ ಒಡೀಲ್ ನರಳಿದಳು. ಧೃತಿಯ ದನಿ ಕೇಳಲಿಲ್ಲ.

ಹೊರಗೆ ಬಾ ಎಂದಷ್ಟೂ ಅವಳು ಬಿಗಿಯಾಗುತ್ತಾಳೆ ಎಂದು ವೈದೇಹಿಗೆ ಹೊಳೆಯಿತು. ನೆಲಕ್ಕೆ ಕೂತು, ಸಂದಿಗೆ ಬಾಯಿ ಹಚ್ಚಿದಳು.

"ಒಡೀಲ್, ನಾನು ಹೊರಗಿದ್ದೇನೆ. ಬಾಂಬು ಬೀಳುತ್ತಿದೆ. ನನ್ನನ್ನು ಒಳಗೆ ಬಿಡಿ."

ಅವಳ ದನಿಯಲ್ಲಿ ನಟನೆ ಇರಲಿಲ್ಲ. ಒಳಗೆ ಚಪ್ಪಲಿ ಎಳೆದು ನಡೆಯುವ ಸದ್ದು, ಅಗುಳಿ ಕಿರುಗುಟ್ಟಿತು.

"ಬೇಗ ಬಾ," ಎಂದು ಒಡೀಲ್ ತೋಳು ಹಿಡಿದು ಎಳೆದಳು.

ವೈದೇಹಿ ಬಾಗಿಲಿಗೆ ಕಾಲು ಅಡ್ಡಕೊಟ್ಟು, ಕಂಬಳಿಯಲ್ಲಿ ಜೋಲುತ್ತಿದ್ದ ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ತಣ್ಣನೆ ಗಾಳಿಗೆ ಧೃತಿ ಕೆಮ್ಮಿದಳು, ಅತ್ತಳು. ಆ ಅಳು ಕೇಳಿದ ಮೇಲೆ ಕೆಳಗುಳಿದವಳ ನೆನಪಾಯಿತು. ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿ ಮತ್ತೆ ಒಳಹೊಕ್ಕು ಹೀಟರ್ ಆರಿಸಿದಳು. ಒಡೀಲ್ ಗೋಡೆಗೊರಗಿ ಕುಸಿದಿದ್ದಳು. ಅವಳನ್ನೂ ಎಳೆದು ತಂದಳು.

ಗಾಳಿಗೆ ಚೇತರಿಸಿಕೊಂಡರೂ ಆಂಬುಲೆನ್ಸ್ ಬರುವವರೆಗೆ ಒಡೀಲ್ ಆಕಾಶ ನೋಡಲಿಲ್ಲ. ಧೃತಿಯ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಕೂತಿದ್ದಳು.

ಮರುದಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಋಷಿಕೇಶ, "ಇನ್ನ ಆಕೀ ಮಾರಿ ನೋಡೂದು ಬ್ಯಾಡ," ಎಂದ. ವೈದೇಹಿ ಮಗಳ ಹೊದಿಕೆ ಸರಿಮಾಡಿದಳು. ಧೃತಿ ನಿದ್ದೆಹೋದ ಮೇಲೆ ಎದ್ದು, ಕಾರಿಡಾರಿನ ಆಚೆ ತುದಿಯಲ್ಲಿ ಒಡೀಲ್ ಮಲಗಿದ್ದ ಹೆಂಗಸರ ವಾರ್ಡಿಗೆ ನಡೆದಳು.