ಖಾಲಿ ಚಮಚದ ಮೂರು ದಿನ

ತಕ್ಕಡಿ ರಿಪೇರಿ ಮಾಡುವವಳ ಮಗಳಿಗೆ ಮೂರಕ್ಕೆ ಮೂರೂ ಒಗ್ಗಲಿಲ್ಲ. ಮೊದಲು ಬಾದಾಮಿ, ಆಮೇಲೆ ಕುಂಬಳ ಬೀಜ, ಅದಾದ ಮೇಲೆ ಎಳ್ಳು. ಒಂದೊಂದಕ್ಕೂ ನಾಲ್ಕು ದಿನ ಗಡುವು. ಪಥ್ಯದ ಪುಸ್ತಕದಲ್ಲಿ ಮೂರರ ಮುಂದೂ ಒಂದೇ ಮಾತು ಬರೆದಿತ್ತು: ನೋವು.

ಮಗಳಿಗೆ ಎಂಟು ವರ್ಷ. ಗಾಳಿ ಬೀಸಿದರೆ ಬಾಗಿಲು ಹಾಕಿಕೊಳ್ಳಬೇಕು, ಅಷ್ಟು ಹಗುರ. ಅದಕ್ಕೇ ಮನೆಯಲ್ಲಿ ಅವಳಿಗೆ ಪುಟ್ಟ ಹಕ್ಕಿಯ ಹೆಸರು, ಪಿಟ್ಟೆ ಅಂತ. ಕರುಳಲ್ಲಿ ಹುಣ್ಣೆದ್ದು, ತಿಂದದ್ದೆಲ್ಲ ಕೆಂಡವಾಗಿ, ಆಸ್ಪತ್ರೆ ಸೇರಿ ಎದ್ದು ಬಂದ ಮೇಲೆ ಎಂಟು ತಿಂಗಳಿಂದ ಕಟ್ಟುನಿಟ್ಟು ಪಥ್ಯ. ತರಕಾರಿ ಬೇಯಿಸಿದ ತಿಳಿ, ಹಿಸುಕಿದ ಗೆಡ್ಡೆ, ಮೊಟ್ಟೆಯ ಹಳದಿ. ಮತ್ತೆ ತಿಳಿ, ಮತ್ತೆ ಗೆಡ್ಡೆ. ನೋವು ನಿಂತಿತು, ತೂಕವೂ ನಿಂತುಬಿಟ್ಟಿತು.

"ಹುಣ್ಣು ಮಾಯ್ದಿದೆ. ಅಲರ್ಜಿ ಪರೀಕ್ಷೆಯಲ್ಲೂ ಏನೂ ಇಲ್ಲ," ಅಂದಿದ್ದರು ಡಾಕ್ಟರಮ್ಮ. "ಇನ್ನು ಬಾದಾಮಿ, ಬೀಜ ಶುರು ಮಾಡೋಣ. ನೆನೆಸಿ, ಸಿಪ್ಪೆ ತೆಗೆದು, ನುಣ್ಣಗೆ ಅರೆದು ಕಾಲು ಚಮಚ. ಒಂದು ಸಲಕ್ಕೆ ಒಂದೇ. ಮೂರು ವಾರದಲ್ಲಿ ಒಂದಾದರೂ ಒಗ್ಗಿದರೆ ದಾರಿ ಸಿಕ್ಕಿತು ಅಂತ. ಇಲ್ಲದಿದ್ರೆ ಮೂಗಿಂದ ಕೊಳವೆ ಹಾಕಿ ಆಹಾರ ಕೊಡಬೇಕಾಗತ್ತೆ."

ಕೊಳವೆ ಅನ್ನುವ ಮಾತು ಕೇಳಿದಾಗ ಪಿಟ್ಟೆ ತನ್ನ ಮೂಗು ಮುಟ್ಟಿ ನೋಡಿಕೊಂಡಿದ್ದಳು. ಅದನ್ನು ತಾಯಿ ಕಂಡಿದ್ದಳು. ಹಾಕಿಸುವುದಿಲ್ಲ ಅಂತ ಆ ಗಳಿಗೆಯಲ್ಲೇ ಹಲ್ಲು ಕಚ್ಚಿ ನಿರ್ಧರಿಸಿದ್ದಳು. ಈಗ ಮೂರು ವಾರದಲ್ಲಿ ಹನ್ನೆರಡು ದಿನ ಕರಗಿತ್ತು. ಉಳಿದದ್ದು ಒಂಬತ್ತು.

ಮನೆ ಮೇಲೆ, ಅಂಗಡಿ ಕೆಳಗೆ. ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು. ತಿಂಗಳಿಗೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು. ಆ ದಿನ ಬೆಳಗ್ಗೆ ಈರುಳ್ಳಿ ವ್ಯಾಪಾರಿ ಒಬ್ಬ ಮುಳ್ಳಿನ ತಕ್ಕಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ.

"ಅಕ್ಕಾ, ಇದು ಕಳ್ಳ ತಕ್ಕಡಿ ಆಗೋಗಿದೆ. ಏನಿಟ್ಟರೂ ಐವತ್ತು ಗ್ರಾಂ ಜಾಸ್ತಿ ತೋರಿಸತ್ತೆ. ಜನ ನನ್ನ ಮುಖಕ್ಕೇ ಉಗೀತಾರೆ."

"ಏನೂ ಇಡದೆ ಇದ್ರೆ ಎಷ್ಟು ತೋರಿಸತ್ತೆ?"

"ಏನೂ ಇಡದೆ ಯಾರು ತೂಗ್ತಾರೆ ಅಕ್ಕಾ?"

ಅವಳು ತಟ್ಟೆ ಒರೆಸಿ ಖಾಲಿ ಇಟ್ಟಳು. ಮುಳ್ಳು ಐವತ್ತರ ಮೇಲೆ ನಿಂತಿತ್ತು. "ನಿನ್ನ ಈರುಳ್ಳೀದೇನೂ ತಪ್ಪಿಲ್ಲ ಕಣೋ," ಅಂದು ತಿರುಪುಳಿ ಕೈಗೆ ತಗೊಂಡಳು.

ಆಗಲೇ ಅತ್ತೆ ಮೆಟ್ಟಿಲಿಳಿದು ಬಂದರು. ಬಾಯಲ್ಲಿ ಯಾವಾಗಲೂ ಒಂದು ಪದ್ಯ ಗುನುಗುವ ಹೆಂಗಸು. ಇವತ್ತು ಬಾಯಿ ಮುಚ್ಚಿತ್ತು. ವ್ಯಾಪಾರಿ ಹೋಗುವ ತನಕ ಗೋಡೆಗೊರಗಿ ನಿಂತರು. ಹೋದ ಮೇಲೆ ಸೆರಗಿನಿಂದ ಮೂರು ಕರ್ಚೀಫು ತೆಗೆದು ಮೇಜಿನ ಮೇಲಿಟ್ಟರು. ಒಂದರ ಮೂಲೆಯಲ್ಲಿ ಬಿಳಿ ಹಿಟ್ಟು ಒಣಗಿ ಹಕ್ಕಳೆಗಟ್ಟಿತ್ತು. ಇನ್ನೊಂದರಲ್ಲಿ ಹಸಿರು. ಮೂರನೆಯದರಲ್ಲಿ ಎಳ್ಳಿನ ವಾಸನೆ.

"ಹಾಸಿಗೆ ಕೆಳಗಿತ್ತು. ಬಾಯಲ್ಲಿಟ್ಕೊಂಡು, ನೀನು ಆ ಕಡೆ ತಿರುಗಿದಾಗ ದಿನಾ ಉಗಿದಿದ್ದಾಳೆ."

"ಮೂರನ್ನೂನಾ?"

"ಮೊದಲನೇದು ನಂಗೆ ಗೊತ್ತಿತ್ತು ಕಣಮ್ಮ. ಕಾಲು ಹಿಡ್ಕೊಂಡು, ಅಜ್ಜಿ, ಅಮ್ಮಂಗೆ ಹೇಳಬೇಡ ಅಂದ್ಲು. ಒಂದು ಸಲ ತಾನೇ ಅಂದ್ಕೊಂಡೆ."

"ಅತ್ತೆ, ನೀವು ದೇವರ ಮುಂದೆ ಕೂತಿರ್ತೀರ, ಸಾಕ್ಷಿ ಮಾತ್ರ ಮೊಮ್ಮಗಳ ಕಡೆ."

"ಬೈಯಿ, ಬೈಯಿ. ಬೈಸಿಕೊಳ್ಳೋಕೇ ಇಳಿದು ಬಂದಿದ್ದೀನಿ."

ಅವಳಿಗೆ ಕಿವಿಯವರೆಗೂ ಸಿಟ್ಟು ಬಿಸಿಯೇರಿತು. ಹನ್ನೆರಡು ದಿನ. ಒಂದೊಂದು ಬಾದಾಮಿಯನ್ನೂ ಬೀಜವನ್ನೂ ಉಗುರಲ್ಲಿ ಸುಲಿದು, ಕಲ್ಲಿನಲ್ಲಿ ಬೆಣ್ಣೆಯ ಹಾಗೆ ಅರೆದ ಹನ್ನೆರಡು ದಿನ ನೀರಲ್ಲಿ ಹೋಮ. ಎದ್ದು ಮೆಟ್ಟಿಲಿಗೆ ಕಾಲಿಟ್ಟವಳು ಅಲ್ಲೇ ನಿಂತಳು. ಪಿಟ್ಟೆ ಹೊಟ್ಟೆ ಹಿಡಿದು ಮುದುಡಿ ಮಲಗಿದ್ದು ನಾಟಕವಲ್ಲ. ಹಣೆಯ ಬೆವರನ್ನು ಇವಳೇ ಒರೆಸಿದ್ದಳು. ಹೊಟ್ಟೆಗೆ ಏನೂ ಹೋಗಿಲ್ಲ. ಆದರೂ ನೋವು ಬಂದಿದೆ.

ಮೇಲೆ ಹೋದಾಗ ಪಿಟ್ಟೆ ಕಿಟಕಿಯ ಹತ್ತಿರ ಕೂತಿದ್ದಳು. ತಾಯಿಯ ಕೈಯಲ್ಲಿದ್ದ ಕರ್ಚೀಫು ನೋಡಿ ಬಿಳಿಚಿಕೊಂಡಳು.

"ನೋವಾಗಿದ್ದು ಸುಳ್ಳಲ್ಲಮ್ಮ."

"ಸುಳ್ಳು ಅಂತ ನಾನೆಲ್ಲಿ ಅಂದೆ?"

"ಬಾಯಿಗೆ ಬಂದ ತಕ್ಷಣ ಶುರುವಾಗತ್ತೆ. ನುಂಗಿದ್ರೆ ಇನ್ನೂ ಜೋರಾಗತ್ತೆ ಅಂತ ಉಗಿದೆ."

"ಸರಿ. ಹಾಗಾದ್ರೆ ಬಾದಾಮಿ ಒಗ್ಗಲ್ಲ ಅಂತ ನಾವು ಬರೆದಿದ್ದು ತಪ್ಪು. ಅದು ನಿನ್ನ ಹೊಟ್ಟೆಯ ಮುಖಾನೇ ನೋಡಿಲ್ಲ." ತಾಯಿ ಪುಸ್ತಕ ತೆಗೆದು ಮೂರು ಸಾಲಿಗೂ ಅಡ್ಡಗೆರೆ ಎಳೆದಳು. "ಏನೂ ತಿನ್ನದೇ ಇದ್ರೂ ನಿಂಗೆ ಎಷ್ಟು ನೋವು ಬರತ್ತೆ, ಮೊದಲು ಅದು ಗೊತ್ತಾಗಬೇಕು. ನಾಳೆಯಿಂದ ಮೂರು ದಿನ ಖಾಲಿ ಚಮಚ."

"ಖಾಲಿ ಚಮಚ ತಿನ್ನೋದಾ?"

"ಹ್ಞೂಂ. ಅದೇ ಬಟ್ಟಲು, ಅದೇ ಕುರ್ಚಿ, ಅದೇ ಹತ್ತು ಗಂಟೆ."

ಫೋನಿನಲ್ಲಿ ಡಾಕ್ಟರಮ್ಮನಿಗೆ ಖಾಲಿ ಚಮಚದ ಮಾತಷ್ಟೇ ಹೇಳಿದಳು. "ಮಾಡಿ ನೋಡಿ. ಆದರೆ ತಾರೀಖು ಮುಂದಕ್ಕೆ ಹಾಕಲ್ಲ. ಮಗುವಿನ ತೂಕ ಕಾಯಲ್ಲ," ಅಂದರು.

ಮೊದಲ ದಿನ ಪಿಟ್ಟೆ ಖಾಲಿ ಚಮಚ ಬಾಯಿಗಿಟ್ಟು, ಉಗುಳು ನುಂಗಿ, ಕಣ್ಣು ಮುಚ್ಚಿದಳು. ನೋವು ಬಂದೇ ಬಂತು. ಗಡಿಯಾರ ನೋಡಿದರೆ ನೋವು ಉದ್ದವಾಗುತ್ತದೆ ಅಂತ ಅಜ್ಜಿ ಪಕ್ಕದಲ್ಲಿ ಕೂತು ಪದ್ಯ ಹೇಳತೊಡಗಿದರು, ಏರಿಸದೆ, ಇಳಿಸದೆ, ತೊಟ್ಟಿಲು ತೂಗಿದ ಹಾಗೆ. ನಲವತ್ತನೆಯ ಪದ್ಯಕ್ಕೆ ನೋವು ಬಿಟ್ಟಿತು. ತಾಯಿ ಬರೆದಳು: ಖಾಲಿ ಚಮಚ, ನಲವತ್ತು ಪದ್ಯ.

ಎರಡನೆಯ ದಿನ ಅಜ್ಜಿ ತಾವೂ ಒಂದು ಖಾಲಿ ಚಮಚ ತಗೊಂಡು ಚಪ್ಪರಿಸಿದರು. "ಉಪ್ಪು ಸ್ವಲ್ಪ ಕಡಿಮೆ ಆಯ್ತು ಕಣೇ."

"ನಿನ್ನೇದೇ ಚೆನ್ನಾಗಿತ್ತಜ್ಜಿ," ಅಂದಳು ಪಿಟ್ಟೆ. ಆ ದಿನ ಹದಿನೈದು ಪದ್ಯ.

ಮೂರನೆಯ ದಿನ ಎರಡೇ ಪದ್ಯ. ಅಜ್ಜಿಗೆ ಗಂಟಲು ಬಿಸಿಯಾಗುವುದಕ್ಕೂ ಸಮಯ ಸಿಗಲಿಲ್ಲ.

ನಾಲ್ಕನೆಯ ದಿನ ಬಾದಾಮಿ. ನೆನೆದ ಕಾಳನ್ನು ಪಿಟ್ಟೆಯೇ ಹಿಚುಕಿದಳು. ಸಿಪ್ಪೆಯಿಂದ ನುಣುಚಿ ಒಂದು ಗೋಡೆಗೆ ಹಾರಿತು, ಇನ್ನೊಂದು ಬಟ್ಟಲಿಗೆ ಬಿತ್ತು. ತಾಯಿ ಅರೆದು, ಕಾಲು ಚಮಚವನ್ನು ಚಾಕುವಿನ ಬೆನ್ನಿಂದ ಸಮ ಮಾಡಿ, ಎದುರಿಗೆ ಕೂತಳು.

ಪಿಟ್ಟೆ ಚಮಚ ಎತ್ತಲಿಲ್ಲ.

"ಅಮ್ಮ, ನೀನು ಆ ಕಡೆ ತಿರುಗು."

"ಯಾಕೆ?"

"ನೀನು ನನ್ನ ಮುಖ ನೋಡ್ತಿರ್ತೀಯ. ನಿನ್ನ ಮುಖ ನೋಡಿದ್ರೆ ನಂಗೆ ನೋವು ಬರೋ ಹಾಗಾಗತ್ತೆ."

ತಾಯಿ ಬೆನ್ನು ತಿರುಗಿಸಿದ ಗಳಿಗೆಯಲ್ಲೇ ಹನ್ನೆರಡು ದಿನ ಮೋಸ ಹೋಗಿದ್ದವಳು. ಈ ಸಲವೂ ಉಗಿದರೆ ಮತ್ತೆ ಮೊದಲಿಂದ ಶುರು ಮಾಡಲು ದಿನಗಳಿಲ್ಲ. ಅತ್ತೆಯ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿ ಕೈ ಜೋಡಿಸಿ ಕೂತಿದ್ದರು. ಅಲ್ಲಿಂದ ಯಾವ ಸಾಕ್ಷಿಯೂ ಸಿಗುವಂತಿರಲಿಲ್ಲ. ಅವಳು ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಚಮಚ ಬಟ್ಟಲಿಗೆ ತಾಗಿದ ಸದ್ದು. ಆಮೇಲೆ ಸದ್ದಿಲ್ಲ. ಗೋಡೆಯ ಸುಣ್ಣದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಕೆಳಗಿಳಿದು ಎರಡಾಗಿ ಕವಲೊಡೆದಿತ್ತು. ಅದನ್ನೇ ನೋಡುತ್ತ ಕೂತಳು. ತಿರುಗಬಾರದು. ಕತ್ತು ತಾನೇ ತಿರುಗಲು ಹೊರಟಾಗ ಗದ್ದವನ್ನು ಎದೆಗೆ ಒತ್ತಿ ಹಿಡಿದಳು.

"ನೋಯ್ತಾ ಇದೆ," ಅಂದಳು ಪಿಟ್ಟೆ.

ತಾಯಿ ಅಲುಗಲಿಲ್ಲ. "ಎಷ್ಟು?"

"ತಡಿ. ಅಜ್ಜಿ, ಹೇಳು."

ಅಜ್ಜಿ ಶುರು ಮಾಡಿದರು. ಹತ್ತು ಆಯಿತು, ಹನ್ನೆರಡು ಆಯಿತು. ಹದಿನಾಲ್ಕಕ್ಕೆ ಪಿಟ್ಟೆ ಕೈ ತೋರಿಸಿ ನಿಲ್ಲಿಸಿದಳು.

"ಖಾಲಿ ಚಮಚದ ಎರಡನೇ ದಿನದಷ್ಟೇ ಅಮ್ಮ. ಒಂದು ಪದ್ಯ ಕಡಿಮೇನೇ. ಹಾಗಾದ್ರೆ ಇದು ಬಾದಾಮಿ ನೋವಲ್ಲ, ಅಲ್ವಾ?"

"ನುಂಗಿದ್ಯಾ?" ತಾಯಿ ಗೋಡೆಯನ್ನೇ ಕೇಳಿದಳು.

"ನುಂಗಿದೆ. ಈ ಕಡೆ ತಿರುಗು, ಬಾಯಿ ತೋರಿಸ್ತೀನಿ."

"ಬೇಡ. ನಂಬಿದೆ," ಅಂದಳು ತಾಯಿ. ಅಂದಮೇಲೆ ತಿರುಗದೆ ಇರುವುದೇ ದೊಡ್ಡ ಕೆಲಸವಾಯಿತು. ಪಿಟ್ಟೆ ಬಟ್ಟಲು ತೊಳೆದಿಟ್ಟು ಬರುವವರೆಗೂ ಅವಳು ಗೋಡೆಗೆ ಮುಖ ಮಾಡಿಯೇ ಇದ್ದಳು.

ಮಾರನೆಯ ದಿನ ಆರು ಪದ್ಯ. ಮೂರನೆಯ ದಿನ ಅಜ್ಜಿ ಶುರು ಮಾಡುವ ಹೊತ್ತಿಗೆ ಪಿಟ್ಟೆ ಚಪ್ಪಲಿ ಹುಡುಕುತ್ತಿದ್ದಳು. ನಾಲ್ಕನೆಯ ದಿನವೂ ಹೊಟ್ಟೆ ತಣ್ಣಗಿತ್ತು, ಮಲ ಸರಿಯಾಗಿತ್ತು, ಜ್ವರವಿಲ್ಲ. ಆಮೇಲಿನ ಎರಡು ದಿನ ಅರ್ಧ ಚಮಚ. ದಿನಾ ಹತ್ತು ಗಂಟೆಗೆ ತಾಯಿ ತಾನಾಗಿಯೇ ಕುರ್ಚಿ ತಿರುಗಿಸಿಕೊಳ್ಳುತ್ತಿದ್ದಳು.

ಒಂಬತ್ತು ದಿನ ತುಂಬಿದ ಮಾರನೆಯ ಬೆಳಗ್ಗೆ ಆಸ್ಪತ್ರೆಗೆ ಹೋದರು. ತೂಕ ನೂರೈವತ್ತು ಗ್ರಾಂ ಏರಿತ್ತು. ಡಾಕ್ಟರಮ್ಮ ಪುಸ್ತಕದ ಪುಟ ತಿರುವಿ, "ಹದಿನಾಲ್ಕು ಪದ್ಯ ಅಂದ್ರೆ ಏನ್ರೀ ಇದು?" ಅಂದರು.

ತಾಯಿ ಬಾಯಿ ತೆರೆದಳು. ಮಗಳ ಕಡೆ ನೋಡಿ ಮುಚ್ಚಿಕೊಂಡಳು.

ಪಿಟ್ಟೆಯೇ ಹೇಳಿದಳು, ಉಗಿದಿದ್ದರಿಂದ ಹಿಡಿದು ಒಂದನ್ನೂ ಬಿಡದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು. ಕೇಳಿಯಾದ ಮೇಲೆ, "ಕೊಳವೆ ಈಗ ಬೇಡ. ಹೀಗೇ ಏರಿದ್ರೆ ಮುಂದೇನೂ ಬೇಡ," ಅಂದರು.

"ಹಾಗಾದ್ರೆ ನಾಳೆ ಕುಂಬಳ ಬೀಜ," ಅಂದಳು ಪಿಟ್ಟೆ. "ಅದನ್ನ ನಾನೇ ಅರೀತೀನಿ. ಅಮ್ಮ ಅಂಗಡಿಗೆ ಹೋಗ್ಲಿ."