ನಿಲ್ಲದ ಚಕ್ರ

ಸೈಕಲ್ ಚಕ್ರವನ್ನು ರಿಪೇರಿ ಮಾಡಿದ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿ ಒಮ್ಮೆ ತಿರುಗಿಸಿ ಬಿಡುತ್ತೇನೆ. ಅದು ತಾನಾಗಿಯೇ ನಿಂತು, ಗಾಳಿ ತುಂಬುವ ವಾಲ್ವು ತನ್ನ ಭಾರಕ್ಕೆ ಕೆಳಗೆ ಬಂದರೆ ಮಾತ್ರ ಗಿರಾಕಿಗೆ ಕೊಡುವುದು. ಇದು ನಮ್ಮಪ್ಪನ ಕಾಲದಿಂದ ಬಂದ ನಿಯಮ. ಅದನ್ನು ಮುರಿದವನಲ್ಲ ನಾನು.

ಸೋಮವಾರ ಅಂಚೆಯವನ ಮುಂದಿನ ಚಕ್ರ ಬಿಚ್ಚಿದೆ. ಅವನು ನನ್ನ ಹೆಂಡತಿಯ ತಮ್ಮ. ನಡುವಿನ ಹಬ್‌ನೊಳಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ, ಅವನ್ನು ಒತ್ತಿ ಹಿಡಿಯುವ ಕೋನನ್ನು ಹದವಾಗಿ ಬಿಗಿಮಾಡಿ ತಿರುಗಿಸಿದೆ. ಬುಧವಾರವಾದರೂ ಚಕ್ರ ನಿಲ್ಲಲಿಲ್ಲ.

ಅಂಚೆಯವನು ಮೂರು ದಿನದ ಕಾಗದಗಳ ಚೀಲ ಹೊತ್ತು ಬಂದ.

“ಭಾವ, ಇವತ್ತು ಹಂಚದಿದ್ರೆ ನನ್ನ ಕೆಲಸ ಹೋಗತ್ತೆ. ಕೈಯಲ್ಲಿ ಹಿಡಿದು ನಿಲ್ಸಿ.”

“ತಾನಾಗೇ ನಿಲ್ಲಬೇಕು. ಅವಸರ ಇದ್ರೆ ನಡ್ಕೊಂಡು ಹೋಗು.”

“ನಲವತ್ತು ಮೈಲಿನಾ?”

ಹೆಂಡತಿ ಒಳಗಿನಿಂದ ಬಂದಳು. “ಇವನ ಕೆಲಸ ಹೋದ್ರೆ ಮನೆಮಂದಿ ಏಳು ಜನಾನೂ ಇಲ್ಲಿಗೇ ಬರ್ತಾರೆ. ಆಮೇಲೆ ಎಲ್ರೂ ಸೇರಿ ಚಕ್ರ ನೋಡ್ಕೊಂಡು ಕೂತ್ಕೊಳ್ಳಿ.”

ಆಗ ನಾನು ಮಾಡಿದಂಥ ಕೆಟ್ಟ ಕೆಲಸ ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಆಗಿರಲಿಲ್ಲ. ಹಲ್ಲು ಕಚ್ಚಿಕೊಂಡು, ಚಕ್ರ ತಿರುಗುತ್ತಿದ್ದ ಹಾಗೆಯೇ ಕೋನನ್ನು ಇನ್ನಷ್ಟು ಬಿಗಿಮಾಡಿದೆ. ಗುಂಡುಗಳು ಕರಕರ ಎಂದವು. ಚಕ್ರ ತಾನಾಗಿಯೇ ನಿಂತಿತು, ವಾಲ್ವೂ ಕೆಳಗೆ ಬಂತು. ನಿಯಮ ಉಳಿಯಿತು, ಕೆಲಸ ಕೆಟ್ಟಿತು.

ಚಕ್ರ ಜೋಡಿಸಿ ಕೊಟ್ಟೆ. ಅಂಚೆಯವನು ಸೈಕಲ್ ಹತ್ತಿದ. “ಈಗ ಸರಿಹೋಯ್ತು ನೋಡಿ! ಸೋಮವಾರಾನೇ ಹೀಗೆ ಮಾಡೋಕೆ ನಿಮಗೇನಾಗಿತ್ತು ಭಾವ?”

ಸ್ಪ್ಯಾನರ್ ಬೀಸಿ ಎಸೆದೆ. ಹಾಳಾದವನು, ಕರಕರ ಎನ್ನುತ್ತಲೇ ತಿರುವು ದಾಟಿದ್ದ.