ಕಸದ ಬುಟ್ಟಿಯ ತೂಕ

ನಮ್ಮ ಅಡುಗೆಮನೆಯ ಕಸವನ್ನು ನಾನು ದಿನಾ ತೂಗುತ್ತಿದ್ದೆ. ನಗಬೇಡಿ, ಹೊಲಿಗೆಯವಳಿಗೆ ಅಳತೆಯ ಹುಚ್ಚು ಇದ್ದದ್ದೇ. ಬೆಳಿಗ್ಗೆ ಎದ್ದು ಬುಟ್ಟಿಯನ್ನು ಕೊಕ್ಕೆಯ ತಕ್ಕಡಿಗೆ ನೇತುಹಾಕಿ, ಮುಳ್ಳು ತೋರಿಸಿದ್ದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಿದ್ದೆ. ಯಾರ ತಟ್ಟೆಯಲ್ಲಿ ಎಷ್ಟು ಉಳಿಯಿತು ಅನ್ನುವುದೂ ಅಲ್ಲಿ ದಾಖಲಾಗುತ್ತಿತ್ತು. ಮನೆಯಲ್ಲಿ ಇರುವವರೇ ಮೂವರು, ತಪ್ಪಿಸಿಕೊಳ್ಳುವುದಾದರೂ ಎಲ್ಲಿಗೆ?

ಆ ತೂಕ ಇಳಿಸುವ ಹಟಕ್ಕೆ ಹೂಕೋಸಿನ ದಂಟು, ಆಲೂಗಡ್ಡೆಯ ಸಿಪ್ಪೆ, ಒಣಗಿದ ಬ್ರೆಡ್ಡಿನ ಅಂಚು, ಎಲ್ಲವೂ ಬಾಣಲೆಗೆ ಬಿದ್ದವು. ಗಂಡ ಮೂಗು ಮುರಿಯುತ್ತಲೇ ತಿಂದ. ಮಾವ ತುಟಿ ಪಿಟಕ್ಕೆನ್ನಲಿಲ್ಲ. ಬಸ್ ಓಡಿಸಿ ನಿವೃತ್ತರಾದವರು, ಆರು ತಿಂಗಳ ಹಿಂದೆ ಕಟ್ಟುಹಲ್ಲು ಹಾಕಿಸಿಕೊಂಡವರು. "ನಂಗೆ ಇಷ್ಟೇ ಸಾಕಮ್ಮ, ವಯಸ್ಸಾಯ್ತು" ಎಂದು ಒಂದು ಹಿಡಿ ಹಾಕಿಸಿಕೊಳ್ಳುತ್ತಿದ್ದರು. ಎದ್ದಾಗ ತಟ್ಟೆಯಲ್ಲಿ ಒಂದಗುಳೂ ಇರುತ್ತಿರಲಿಲ್ಲ. "ನಿಮ್ಮಪ್ಪನ್ನ ನೋಡಿ ಕಲೀರಿ" ಎಂದು ಗಂಡನನ್ನು ಚುಚ್ಚುತ್ತಿದ್ದೆ. ಮುಳ್ಳು ಇಳಿದಷ್ಟೂ ನನ್ನ ಜಂಭ ಏರಿತು.

ಮೊನ್ನೆ ಮಧ್ಯಾಹ್ನ ಮಾವ ಪ್ಯಾಂಟು ಹಿಡಿದುಕೊಂಡು ಬಂದರು. "ಸೊಂಟದಲ್ಲಿ ನಿಲ್ತಿಲ್ಲಮ್ಮ. ಸ್ವಲ್ಪ ಟೈಟ್ ಮಾಡ್ಕೊಡ್ತೀಯಾ?"

"ಬಟ್ಟೆ ಹಿಗ್ಗಿರ್ಬೇಕು, ಕೊಡಿ."

ಹಿಂಬದಿಯನ್ನು ತಿರುಗಿಸಿದರೆ ಒಳಗೆ ಎರಡು ಹಳೆಯ ಹೊಲಿಗೆ. ಎರಡೂ ನನ್ನವೇ. ಮೂರು ತಿಂಗಳಲ್ಲಿ ಎರಡು ಸಲ ಇದೇ ಪ್ಯಾಂಟನ್ನು ಬಿಗಿ ಮಾಡಿದ್ದೆ, ರೇಡಿಯೋ ಕೇಳುತ್ತಾ. ಟೇಪು ಹಿಡಿದೆ. ಈಗ ಹಾಕಬೇಕಾದ ಮೂರನೆಯದೂ ಸೇರಿದರೆ ಸೊಂಟ ನಾಲ್ಕು ಇಂಚು ಇಳಿದಿತ್ತು. ಗಿರಾಕಿಯ ಭುಜ ಅರ್ಧ ಇಂಚು ಇಳಿದರೂ ಹಿಡಿಯುವವಳು ನಾನು. ಮೂರು ಹೊತ್ತೂ ಎದುರಿಗೆ ಕೂರುವ ಮನುಷ್ಯ ಕರಗಿದ್ದು ಕಣ್ಣಿಗೆ ಬಿದ್ದಿರಲಿಲ್ಲ.

"ಮಾವ, ಹೊಟ್ಟೆ ತುಂಬಾ ಊಟ ಮಾಡ್ತಿಲ್ವಾ ನೀವು?"

ಅವರು ಕಿಟಕಿಯ ಕಡೆ ತಿರುಗಿದರು. "ಆ ಸಿಪ್ಪೆ, ದಂಟು ಎಲ್ಲಾ ಅಗಿಯೋಕಾಗಲ್ಲಮ್ಮ. ಹಲ್ಲೇ ಕಳಚಿ ಬರುತ್ತೆ. ಹಾಕಿಸ್ಕೊಂಡು ತಟ್ಟೇಲಿ ಬಿಟ್ರೆ ನೀನು ಹಾಳೇಲಿ ಬರೀತೀಯ. ಹಾಕಿಸ್ಕೊಳ್ದೇ ಇದ್ರೆ ಯಾರಿಗೂ ತೊಂದ್ರೆ ಇಲ್ಲ."

"ಒಂದು ಮಾತು ಹೇಳ್ಬಾರದಿತ್ತಾ?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ನನ್ನ ಹೊಗಳೋಕೆ ಶುರು ಮಾಡ್ಬಿಟ್ಟೆ."

ಉಳಿಸಿದೆ, ಉಳಿಸಿದೆ ಎಂದು ನಾನು ಬೀಗಿದ್ದರಲ್ಲಿ ಅರ್ಧ ಈ ಮುದುಕರ ಹೊಟ್ಟೆಯಿಂದ ಕಿತ್ತದ್ದು. ಹಾಳೆಯನ್ನು ಹರಿದು ಹಾಕಿದೆ. ಅನ್ನವನ್ನು ಮೆತ್ತಗೆ ಬೇಯಿಸಿ, ಆಲೂಗಡ್ಡೆಯ ಸಿಪ್ಪೆ ಸುಲಿದು ಹಿಸುಕಿ, ಬೆಣ್ಣೆ ಹಾಕಿ ಬಡಿಸಿದೆ. ಬೇಡ ಬೇಡ ಎನ್ನುತ್ತಲೇ ಎರಡನೇ ಸಲ ಹಾಕಿಸಿಕೊಂಡರು. ಎಷ್ಟು ದಿನದ ಹಸಿವೋ, ತಲೆ ಎತ್ತದೆ ಉಂಡರು. ನನಗೆ ಅಲ್ಲಿ ನಿಲ್ಲುವುದೇ ಕಷ್ಟವಾಯಿತು.

ಕೊನೆಗೆ ಎರಡು ತುತ್ತು ಮಿಕ್ಕಿತು. ಮಾವ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಬಿಡಿ ಮಾವ, ಸಾಕಾದ್ರೆ ಬಿಟ್ಬಿಡಿ."

"ಇಲ್ಲಮ್ಮ, ತಿಂತೀನಿ, ತಿಂತೀನಿ" ಎಂದು ಗಡಿಬಿಡಿಯಿಂದ ಆ ಎರಡೂ ತುತ್ತನ್ನು ಒಟ್ಟಿಗೇ ಬಾಯಿಗೆ ತುರುಕಿಕೊಂಡರು.